ಮಕ್ಕಳ ಹೊಟ್ಟೆ, ದೊಡ್ಡವರ ದಿಗಿಲು

ಹರಳೆಣ್ಣೆಯ ಹೆಸರೆತ್ತಿದರೆ ಈಗಲೂ ಮುಖ ಸಿಂಡರಿಸುವ ಹಿರಿಯರು ಕರ್ನಾಟಕದ ಯಾವ ಊರಿಗೆ ಹೋದರೂ ಸಿಗುತ್ತಾರೆ. ಶಾಲೆಗೆ ರಜೆ ಬಂತೆಂದರೆ ಒಂದು ದಿನ ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸಿ, ಒಬ್ಬರು ಕೈ ಹಿಡಿದು, ಇನ್ನೊಬ್ಬರು ಮೂಗು ಮುಚ್ಚಿ ಬಾಯಿಗೆ ಎಣ್ಣೆ ಸುರಿಯುತ್ತಿದ್ದ ಕಾಲವದು. ಬಿಸಿ ಕಾಫಿಯಲ್ಲಿ ಬೆರೆಸಿ ಕೊಡುವ ಮನೆಗಳೂ ಇದ್ದವು. ನಾಲ್ಕಾರು ಸಲ ಹಿತ್ತಲಿಗೆ ಓಡಿ ಸುಸ್ತಾದ ಮಗು ಮಧ್ಯಾಹ್ನ ಮೆಣಸಿನ ಸಾರು, ಅನ್ನ ಉಂಡು ಮಲಗಿದರೆ ಅಜ್ಜಿಗೆ ಸಮಾಧಾನ. ಹೊಟ್ಟೆ ಶುದ್ಧವಾಯಿತು! ಮಗುವಿಗೆ ಮಲಬದ್ಧತೆ ಇತ್ತೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ.

ಇದು ನಮ್ಮ ಅಜ್ಜಿಯರ ಮೂಢನಂಬಿಕೆ ಎಂದು ನಗುವಂತಿಲ್ಲ. ಅದೇ ಕಾಲಕ್ಕೆ ಲಂಡನ್ನಿನ ಹೆಸರಾಂತ ಸರ್ಜನ್ನರು, ನ್ಯೂಯಾರ್ಕಿನ ಔಷಧ ವ್ಯಾಪಾರಿಗಳು, ಆಸ್ಟ್ರೇಲಿಯದ ತಾಯಂದಿರು ಎಲ್ಲರೂ ನಂಬಿದ್ದು ಇದನ್ನೇ. ಹೊಟ್ಟೆಯಲ್ಲಿ ಉಳಿದದ್ದು ವಿಷ, ಅದನ್ನು ಹೇಗಾದರೂ ಹೊರಗೆ ತಳ್ಳಬೇಕು ಎಂಬ ದಿಗಿಲು ಜಗತ್ತಿನಾದ್ಯಂತ ಇತ್ತು. ಮಕ್ಕಳ ಮಲಬದ್ಧತೆಗೆ ಔಷಧ ಹುಡುಕಿದ ಚರಿತ್ರೆಯ ಬಹುಪಾಲು ಈ ದಿಗಿಲಿನ ಚರಿತ್ರೆ. ಅದರಲ್ಲಿ ಜೀವ ಕಳೆದುಕೊಂಡ ಮಕ್ಕಳೂ ಇದ್ದಾರೆ.

ಹರಳೆಣ್ಣೆಯಂತೂ ಬಹಳ ಹಳೆಯ ಮದ್ದು. ಕ್ರಿ.ಪೂ. 1550ರ ಸುಮಾರಿಗೆ ಸೇರಿದ್ದೆನ್ನಲಾದ ಈಜಿಪ್ಟಿನ ಏಬರ್ಸ್ ಪಪೈರಸ್ಸಿನಲ್ಲಿ ಹರಳಿನ ಪ್ರಸ್ತಾಪವಿದೆ. ನಮ್ಮ ಆಯುರ್ವೇದದಲ್ಲಿ ಏರಂಡ ತೈಲವೆಂದು ಹೆಸರಾಗಿ ವಿರೇಚನದ ಔಷಧಗಳ ಸಾಲಿನಲ್ಲಿ ನಿಂತಿದೆ. ಅದು ಕೆಲಸ ಮಾಡುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹೇಗೆ ಎಂಬುದು ಸ್ಪಷ್ಟವಾದದ್ದು ಮಾತ್ರ ತೀರ ಈಚೆಗೆ. ಎಣ್ಣೆಯಿಂದ ಕರುಳಿನಲ್ಲಿ ಬಿಡುಗಡೆಯಾಗುವ ರಿಸಿನೋಲಿಕ್ ಆಮ್ಲ ಕರುಳಿನ ಸ್ನಾಯುವಿನ ಒಂದು ನಿರ್ದಿಷ್ಟ ಗ್ರಾಹಕವನ್ನು ಕೆಣಕಿ ಅದನ್ನು ಹಿಂಡುತ್ತದೆಂದು ಜರ್ಮನಿಯ ಸಂಶೋಧಕರು 2012ರಲ್ಲಿ ತೋರಿಸಿದರು. ಹಿಂಡುವಿಕೆ ಎಂದರೆ ಹೊಟ್ಟೆನೋವು. ಇಟಲಿಯಲ್ಲಿ 1920ರ ದಶಕದಲ್ಲಿ ಮುಸೊಲಿನಿಯ ಹಿಂಬಾಲಕರು ವಿರೋಧಿಗಳನ್ನು ಹಿಡಿದು ಬಲವಂತವಾಗಿ ಹರಳೆಣ್ಣೆ ಕುಡಿಸುತ್ತಿದ್ದರು. ದೊಡ್ಡವರಿಗೆ ಶಿಕ್ಷೆಯಾಗಿ ಒದಗಿದ್ದು ಮಕ್ಕಳಿಗೆ ಉಪಚಾರವಾಗಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಆದರೆ ಕುಡಿಸುವುದೇ ದೊಡ್ಡ ಪಾಡು. ಮಗು ಉಗಿಯದೆ ನುಂಗುವ ಭೇದಿ ಮದ್ದು ಯಾರಲ್ಲಿದೆಯೋ ಅವರದೇ ಮಾರುಕಟ್ಟೆ ಎಂಬುದನ್ನು ವ್ಯಾಪಾರಿಗಳು ಬೇಗ ಕಂಡುಕೊಂಡರು. ಅಮೆರಿಕದ ಸ್ಯಾಮ್ಯುಯೆಲ್ ಪಿಚರ್ ಎಂಬ ವೈದ್ಯ 1868ರಲ್ಲಿ ಪೇಟೆಂಟ್ ಪಡೆದ ಸಿರಪ್ಪು ಮುಂದೆ 'ಕ್ಯಾಸ್ಟೋರಿಯಾ' ಎಂಬ ಹೆಸರಿನಲ್ಲಿ ಮನೆಮಾತಾಯಿತು. ಹೆಸರಿನಲ್ಲಿ ಹರಳೆಣ್ಣೆಯ ನೆನಪಿದ್ದರೂ ಒಳಗಿದ್ದದ್ದು ಸಕ್ಕರೆ ಪಾಕ ಮತ್ತು ಸೆನ್ನಾ, ಅಂದರೆ ನಮ್ಮ ನೆಲಾವರಿಕೆ ಅಥವಾ ಸೋನಾಮುಖಿ. ಮಕ್ಕಳು ಇದು ಬೇಕೆಂದು ಅಳುತ್ತಾರೆ ಎಂಬ ಜಾಹೀರಾತು ಅಮೆರಿಕದ ಗೋಡೆಗಳ ಮೇಲೆಲ್ಲ ಇತ್ತು.

ಗುಲಾಬಿ ಬಣ್ಣದ ಕಾಯಿಲೆ

ಈ ಹುಡುಕಾಟದಲ್ಲಿ ಕ್ಯಾಲೊಮೆಲ್ ವರದಾನದಂತೆ ಕಂಡಿತು. ಪಾದರಸ ಮತ್ತು ಕ್ಲೋರಿನ್ ಕೂಡಿದ ಬಿಳಿಯ ಪುಡಿ. ವಾಸನೆಯಿಲ್ಲ, ರುಚಿಯಿಲ್ಲ. ಚಿಟಿಕೆಯಷ್ಟು ಸಾಕು. ಅದನ್ನು ಸಕ್ಕರೆಯಲ್ಲಿ ಬೆರೆಸಿ ನಾಲಗೆಯ ಮೇಲಿಟ್ಟರೆ ಮಗುವಿಗೆ ಗೊತ್ತೇ ಆಗುವುದಿಲ್ಲ. ದೊಡ್ಡವರ ವೈದ್ಯದಲ್ಲಿ ಅದಕ್ಕೆ ಆಗಲೇ ಭಾರಿ ಮಾನ್ಯತೆ ಇತ್ತು. ಫಿಲಡೆಲ್ಫಿಯದ ವೈದ್ಯ ಬೆಂಜಮಿನ್ ರಶ್ 1793ರ ಪೀತಜ್ವರದ ಹಾವಳಿಯಲ್ಲಿ ರೋಗಿಗಳಿಗೆ ಧಾರಾಳವಾಗಿ ಕೊಟ್ಟದ್ದು ಇದನ್ನೇ. ಕ್ಯಾಲೊಮೆಲ್ ತಿಂದವರ ಮಲ ಹಸಿರಾಗುತ್ತಿತ್ತು. ಕೆಟ್ಟ ಪಿತ್ತವೆಲ್ಲ ಹೊರಬಂತು ಎಂದು ವೈದ್ಯರು ತಲೆದೂಗುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಇದು 'ಹಲ್ಲು ಬರುವ ಪುಡಿ'ಯಾಗಿ ಮಕ್ಕಳ ತೊಟ್ಟಿಲಿಗೆ ಬಂತು. ಹಲ್ಲು ಮೂಡುವಾಗ ಮಗು ರಚ್ಚೆ ಹಿಡಿಯುತ್ತದೆ, ಹೊಟ್ಟೆ ಕಟ್ಟುತ್ತದೆ, ಜ್ವರ ಬರುತ್ತದೆ. ಹೊಟ್ಟೆ ಸಡಿಲವಾದರೆ ಎಲ್ಲವೂ ಇಳಿಯುತ್ತದೆಂಬ ಲೆಕ್ಕ. ಬ್ರಿಟನ್ನಿನ ಸ್ಟೀಡ್‌ಮನ್ ಪುಡಿ ಇಂಥವುಗಳಲ್ಲಿ ಹೆಸರುವಾಸಿ. ವೈದ್ಯರ ಚೀಟಿ ಬೇಕಿರಲಿಲ್ಲ. ಅಂಗಡಿಯಿಂದ ಪೊಟ್ಟಣ ತಂದು ತಾಯಂದಿರೇ ಕೊಡುತ್ತಿದ್ದರು. ಹೀಗೆ ಎರಡು ಮೂರು ತಲೆಮಾರು ಬೆಳೆಯಿತು.

ಈ ನಡುವೆ ಮಕ್ಕಳ ಆಸ್ಪತ್ರೆಗಳಲ್ಲಿ ವಿಚಿತ್ರ ಕಾಯಿಲೆಯೊಂದು ಕಾಣಿಸಿಕೊಂಡಿತು. ಆಸ್ಟ್ರೇಲಿಯದ ಅಡಿಲೇಡ್‌ನ ವೈದ್ಯ ಸ್ವಿಫ್ಟ್ 1914ರಲ್ಲಿ ವೈದ್ಯರ ಸಮ್ಮೇಳನವೊಂದರಲ್ಲಿ ಇದನ್ನು ವಿವರಿಸಿದ. ಆರು ತಿಂಗಳಿಂದ ಎರಡು ವರ್ಷದೊಳಗಿನ ಕೂಸುಗಳು. ಅಂಗೈ, ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ ಊದಿ, ಸಿಪ್ಪೆ ಸುಲಿಯುತ್ತಿದ್ದವು. ಮೈಯೆಲ್ಲ ಬೆವರು. ಬೆಳಕನ್ನು ತಾಳಲಾರದೆ ಮಗು ಮುಖವನ್ನು ದಿಂಬಿಗೆ ಒತ್ತಿಕೊಂಡು ಮಲಗುತ್ತಿತ್ತು. ಊಟವಿಲ್ಲ, ನಿದ್ದೆಯಿಲ್ಲ, ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ತನ್ನ ಕೂದಲನ್ನು ತಾನೇ ಕೀಳುತ್ತಿತ್ತು. ಇರುವ ಹಲ್ಲುಗಳು ಸಡಿಲಾಗಿ ಉದುರುತ್ತಿದ್ದವು. ಜನ ಅದನ್ನು 'ಪಿಂಕ್ ಡಿಸೀಸ್' ಎಂದರು. 1939ರಿಂದ 1948ರವರೆಗಿನ ಹತ್ತು ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೇ ಐನೂರಕ್ಕೂ ಹೆಚ್ಚು ಮಕ್ಕಳು ಇದರಿಂದ ಸತ್ತರು.

ಕಾರಣ ಹುಡುಕಿ ವೈದ್ಯರು ಸೋತರು. ಜೀವಸತ್ವದ ಕೊರತೆ ಎಂದರು ಕೆಲವರು. ಯಾವುದೋ ವೈರಾಣು ಎಂದರು ಕೆಲವರು. ಪುಡಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಇದಕ್ಕೆ ಕಾರಣವೂ ಇತ್ತು. ಪುಡಿ ತಿನ್ನದ ಮಗುವೇ ಅಪರೂಪ, ಆದರೆ ತಿಂದ ನೂರಾರು ಮಕ್ಕಳಲ್ಲಿ ಒಂದಕ್ಕೆ ಮಾತ್ರ ಕಾಯಿಲೆ. ಪುಡಿ ಕೊಡುತ್ತಿದ್ದುದೇ ರಚ್ಚೆ ಹಿಡಿದ ಮಗುವಿಗೆ. ಹೀಗಿರುವಾಗ ರಚ್ಚೆಗೆ ಪುಡಿಯೇ ಮೂಲವೆಂದು ಯಾರಿಗೆ ಹೊಳೆದೀತು?

ಹೊಳೆದದ್ದು ಜೋಸೆಫ್ ವಾರ್ಕಾನಿಗೆ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದ ಸಿನ್ಸಿನಾಟಿಗೆ ಬಂದು ಮಕ್ಕಳ ವೈದ್ಯನಾಗಿದ್ದ ಈತ, ಈ ಲಕ್ಷಣಗಳು ಯಾವುದೋ ಲೋಹದ ವಿಷದಂತೆ ಕಾಣುತ್ತವಲ್ಲ ಎಂದು ರೋಗಿಯೊಬ್ಬನ ಮೂತ್ರವನ್ನು ಪರೀಕ್ಷೆಗೆ ಕಳಿಸಿದ. ಸಿಕ್ಕಿದ್ದು ಪಾದರಸ. ಡೊನಾಲ್ಡ್ ಹಬ್ಬರ್ಡ್ ಜತೆ ಸೇರಿ ಇನ್ನಷ್ಟು ಮಕ್ಕಳನ್ನು ಪರೀಕ್ಷಿಸಿ 1948ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಗ್ವಿಡೊ ಫ್ಯಾಂಕೋನಿ ಎಂಬ ವೈದ್ಯನೂ ಹೊಟ್ಟೆಹುಳುವಿಗೆ ಕೊಡುತ್ತಿದ್ದ ಕ್ಯಾಲೊಮೆಲ್ ಕಡೆಗೆ ಬೆರಳು ತೋರಿಸಿದ್ದ. ಎಲ್ಲರೂ ತಿನ್ನುವ ಪುಡಿ ಕೆಲವರಿಗೇ ಏಕೆ ವಿಷವಾಗಬೇಕು ಎಂದು ವೈದ್ಯರು ವಾದಕ್ಕಿಳಿದರು. ವಾದ ನಡೆದೇ ಇತ್ತು. ಬ್ರಿಟನ್ನಿನ ತಯಾರಕರು 1954ರಲ್ಲಿ ಪುಡಿಯಿಂದ ಪಾದರಸವನ್ನು ತಾವಾಗಿಯೇ ತೆಗೆದರು. ಕೆಲವೇ ವರ್ಷಗಳಲ್ಲಿ ಪಿಂಕ್ ಡಿಸೀಸ್ ಆಸ್ಪತ್ರೆಗಳಿಂದ ಮಾಯವಾಯಿತು. ಆ ಕಾಯಿಲೆಗೆ ಮದ್ದು ಕಂಡುಹಿಡಿಯುವ ಅಗತ್ಯವೇ ಬೀಳಲಿಲ್ಲ, ಮದ್ದು ನಿಲ್ಲಿಸಿದ್ದೇ ಸಾಕಾಯಿತು.

ಚಾಕೊಲೇಟಿನ ವೇಷ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಫಿನಾಲ್ಫ್ತಲೀನ್ ಗೊತ್ತು. ಟೈಟ್ರೇಷನ್ ಮಾಡುವಾಗ ಎರಡು ತೊಟ್ಟು ಹಾಕಿ, ದ್ರಾವಣ ಗುಲಾಬಿಯಾಗುವುದನ್ನು ಕಾಯುತ್ತ ನಿಲ್ಲುವ ಆ ದ್ರವ. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಇದನ್ನು ತಯಾರಿಸಿದ. ಶತಮಾನದ ಕೊನೆಯ ಹೊತ್ತಿಗೆ ಹಂಗೆರಿಯಲ್ಲಿ ಅಗ್ಗದ ಕಲಬೆರಕೆ ವೈನನ್ನು ಪತ್ತೆಹಚ್ಚಲು ಅಲ್ಲಿನ ಸರ್ಕಾರ ಅದಕ್ಕೆ ಗುರುತಾಗಿ ಫಿನಾಲ್ಫ್ತಲೀನ್ ಬೆರೆಸಲು ಹೊರಟಿತು. ಕುಡಿದವರಿಗೆ ಭೇದಿ ಹತ್ತಿತು! ಬುಡಾಪೆಸ್ಟಿನ ಔಷಧ ವಿಜ್ಞಾನಿ ಜೋಲ್ತಾನ್ ವಾಮೋಶಿ ಇದರ ಗುಟ್ಟನ್ನು ಹೊರಗೆಡಹಿದ. ಹಂಗೆರಿಯಿಂದ ನ್ಯೂಯಾರ್ಕಿಗೆ ವಲಸೆ ಹೋಗಿದ್ದ ಮ್ಯಾಕ್ಸ್ ಕಿಸ್ ಎಂಬ ಔಷಧ ವ್ಯಾಪಾರಿ ಅದನ್ನು ಚಾಕೊಲೇಟಿನಲ್ಲಿ ಬೆರೆಸಿ 1906ರಲ್ಲಿ 'ಎಕ್ಸ್‌-ಲ್ಯಾಕ್ಸ್' ಹೊರತಂದ. ಇನ್ನು ಮೂಗು ಹಿಡಿಯುವ ಕಷ್ಟವಿಲ್ಲ. ತೊಂಬತ್ತು ವರ್ಷ ಅದು ನಡೆಯಿತು. ಇಲಿ ಮತ್ತು ಸುಂಡಿಲಿಗಳಲ್ಲಿ ಗಡ್ಡೆ ಬೆಳೆಸುತ್ತದೆಂದು ಅಮೆರಿಕದ ಸರ್ಕಾರಿ ಪ್ರಯೋಗಗಳು ತೋರಿಸಿದ ಮೇಲೆ 1997ರಲ್ಲಿ ಎಕ್ಸ್‌-ಲ್ಯಾಕ್ಸ್‌ನಿಂದ ಫಿನಾಲ್ಫ್ತಲೀನ್ ಹೊರಬಿತ್ತು. ಅದರ ಜಾಗಕ್ಕೆ ಸೆನ್ನಾ ಬಂತು. 1999ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಚೀಟಿಯಿಲ್ಲದೆ ಮಾರುವ ಭೇದಿ ಮದ್ದುಗಳಲ್ಲಿ ಅದನ್ನು ಬಳಸದಂತೆ ಮಾಡಿತು.

ಇಷ್ಟೆಲ್ಲ ಮಾರಾಟಕ್ಕೆ ಬೆನ್ನೆಲುಬಾಗಿದ್ದು 'ಸ್ವಯಂವಿಷ'ದ ಸಿದ್ಧಾಂತ. ಕರುಳಿನಲ್ಲಿ ನಿಂತ ಮಲದ ವಿಷ ರಕ್ತಕ್ಕೆ ಸೇರಿ ತಲೆನೋವಿನಿಂದ ಹುಚ್ಚಿನವರೆಗೆ ಎಲ್ಲವನ್ನೂ ತರುತ್ತದೆ ಎಂದು ಫ್ರಾನ್ಸಿನ ಶಾರ್ಲ್ ಬುಶಾರ್ 1880ರ ದಶಕದಲ್ಲಿ ಬರೆದ. ಲಂಡನ್ನಿನ ಗೈಸ್ ಆಸ್ಪತ್ರೆಯ ಸರ್ಜನ್ ಅರ್ಬತ್‌ನಾಟ್ ಲೇನ್ ಇನ್ನೂ ಮುಂದೆ ಹೋಗಿ ಮಲಬದ್ಧತೆಯ ರೋಗಿಗಳ ದೊಡ್ಡಕರುಳನ್ನೇ ಕತ್ತರಿಸಿ ತೆಗೆದ. ಚಾಕು ಬೇಡವೆಂದವರಿಗೆ ಲಿಕ್ವಿಡ್ ಪ್ಯಾರಾಫಿನ್ ಬರೆದುಕೊಟ್ಟ. ಈ ಸಿದ್ಧಾಂತದ ಮೇಲೆ ನೀರು ಸುರಿದದ್ದು ಒಂದು ಸರಳ ಪ್ರಯೋಗ. ಅಮೆರಿಕದ ಡೊನಾಲ್ಡ್‌ಸನ್ ಎಂಬಾತ 1922ರಲ್ಲಿ ಪ್ರಕಟಿಸಿದ ವರದಿಯಂತೆ, ಸ್ವಯಂಸೇವಕರ ಗುದನಾಳಕ್ಕೆ ಬರೀ ಹತ್ತಿಯನ್ನು ತುಂಬಿದಾಗಲೂ ಅದೇ ತಲೆನೋವು, ಅದೇ ಜಡತೆ ಕಾಣಿಸಿತು. ತೆಗೆದೊಡನೆ ಇಳಿಯಿತು. ಹತ್ತಿಯಲ್ಲಿ ಎಲ್ಲಿಯ ವಿಷ?

ಆದರೆ ಜನರ ಮನಸ್ಸಿನಲ್ಲಿ ಕೂತ ದಿಗಿಲು ಅಷ್ಟು ಸುಲಭವಾಗಿ ಎದ್ದುಹೋಗುವಂಥದಲ್ಲ. ಅಮೆರಿಕದ ಸರ್ಕಾರವೇ ತಾಯಂದಿರಿಗೆ ಹಂಚುತ್ತಿದ್ದ ಶಿಶುಪಾಲನೆಯ ಕೈಪಿಡಿ 1930ರ ದಶಕದಲ್ಲೂ ಎಳೆಕೂಸನ್ನು ಗಡಿಯಾರ ನೋಡಿ ಮಲಕ್ಕೆ ಕೂರಿಸಬೇಕು, ಬೇಕಾದರೆ ಸೋಪಿನ ಕಡ್ಡಿ ಬಳಸಬೇಕು ಎಂದು ಬೋಧಿಸುತ್ತಿತ್ತು. ಮಗು ಸಿದ್ಧವಾಗುವವರೆಗೆ ಕಾಯಬೇಕು ಎಂದು ಬಾಸ್ಟನ್ನಿನ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ ಬರೆದದ್ದು 1962ರಲ್ಲಿ.

ಬಿಗಿಹಿಡಿಯುವ ಮಗು

ಇಷ್ಟರಲ್ಲಿ ವೈದ್ಯರಿಗೆ ಒಂದು ವಿಷಯ ಅರ್ಥವಾಗತೊಡಗಿತ್ತು. ಡೆನ್ಮಾರ್ಕಿನ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ 1886ರಲ್ಲಿ, ಹುಟ್ಟಿನಿಂದಲೇ ಹೊಟ್ಟೆ ಕಟ್ಟಿ, ದೊಡ್ಡಕರುಳು ಊದಿ ಸತ್ತ ಎರಡು ಶಿಶುಗಳನ್ನು ಕುರಿತು ವರದಿ ಮಾಡಿದ್ದ. ಕರುಳಿನ ತುದಿಯಲ್ಲಿ ನರಕೋಶಗಳೇ ಇಲ್ಲದ ಈ ಕಾಯಿಲೆಗೆ ಓರ್ವರ್ ಸ್ವೆನ್‌ಸನ್ 1948ರಲ್ಲಿ ಶಸ್ತ್ರಚಿಕಿತ್ಸೆ ರೂಪಿಸಿದ. ಆ ಮಕ್ಕಳನ್ನು ಬೇರೆ ತೆಗೆದ ಮೇಲೆ ಉಳಿದವರೇ ಬಹುಪಾಲು. ಅವರ ಕರುಳಿನಲ್ಲಿ ಯಾವ ಊನವೂ ಇರಲಿಲ್ಲ.

ಹಾಗಾದರೆ ಏನು ನಡೆಯುತ್ತಿತ್ತು? ಒಂದು ಸಲ ಗಟ್ಟಿ ಮಲ ಹೋಗಿ ಮಗುವಿಗೆ ನೋವಾಗುತ್ತದೆ. ಮುಂದಿನ ಸಲ ಬಂದಾಗ ಅದು ಹೆದರಿ ಬಿಗಿಹಿಡಿಯುತ್ತದೆ. ಕಾಲು ಹೆಣೆದುಕೊಂಡು, ಬಾಗಿಲ ಮರೆಯಲ್ಲಿ ತುದಿಗಾಲಲ್ಲಿ ನಿಲ್ಲುತ್ತದೆ. ಮಗು ಕಷ್ಟಪಟ್ಟು ಮುಕ್ಕುತ್ತಿದೆ ಎಂದು ಮನೆಯವರು ತಿಳಿಯುತ್ತಾರೆ. ಅದು ಮಾಡುತ್ತಿರುವುದು ತದ್ವಿರುದ್ಧ. ನಿಂತ ಮಲದ ನೀರನ್ನು ಕರುಳು ಹೀರುತ್ತದೆ. ಅದು ಇನ್ನಷ್ಟು ಗಟ್ಟಿಯಾಗುತ್ತದೆ, ಇನ್ನಷ್ಟು ನೋಯುತ್ತದೆ. ಗುದನಾಳ ಹಿಗ್ಗಿ ಹಿಗ್ಗಿ ಬಂದದ್ದೇ ತಿಳಿಯದಂತಾಗಿ, ಗಡ್ಡೆಯ ಪಕ್ಕದಿಂದ ತೆಳು ಮಲ ಸೋರಿ ಚಡ್ಡಿ ಕೊಳೆಯಾಗುತ್ತದೆ. ಶಾಲೆಗೆ ಹೋಗುವ ಹುಡುಗನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ? ಸೋಮಾರಿತನವೆಂದು ಮನೆಯಲ್ಲಿ ಏಟು ಬೇರೆ. ಶಾಲೆಯ ಶೌಚಾಲಯಕ್ಕೆ ಹೋಗಲಾರದೆ ಸಂಜೆಯವರೆಗೆ ತಡೆಹಿಡಿಯುವ ಮಕ್ಕಳು ನಮ್ಮಲ್ಲೂ ಎಷ್ಟೋ ಮಂದಿ. ಜಗತ್ತಿನ ಸುಮಾರು ಹತ್ತು ಮಕ್ಕಳಲ್ಲಿ ಒಂದಕ್ಕೆ ಈ ಬಗೆಯ ತೊಂದರೆ ಇದೆಯೆಂದು 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಲೆಕ್ಕ ಹಾಕಿದೆ.

ಹೆದರಿಕೆಯೇ ಮೂಲವೆಂದ ಮೇಲೆ ಮದ್ದಿನ ಕೆಲಸವೂ ಬದಲಾಗಲೇಬೇಕು. ಕರುಳನ್ನು ಕೆಣಕಿ, ಹೊಟ್ಟೆ ಹಿಂಡಿ ಹೊರಹಾಕಿಸಿದರೆ ಹೆದರಿಕೆ ಹೆಚ್ಚುವುದೇ ಹೊರತು ಇಳಿಯುವುದಿಲ್ಲ. ನ್ಯೂಯಾರ್ಕಿನ ಮಕ್ಕಳ ವೈದ್ಯ ಮರ್ರೆ ಡೇವಿಡ್‌ಸನ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಲೇಖನ ಇಲ್ಲಿ ಒಂದು ಮೈಲಿಗಲ್ಲು. ಮೊದಲು ಕಟ್ಟಿದ್ದನ್ನು ಖಾಲಿ ಮಾಡುವುದು. ಆಮೇಲೆ ಲಿಕ್ವಿಡ್ ಪ್ಯಾರಾಫಿನ್ನನ್ನು ದೀರ್ಘಕಾಲ ಕೊಟ್ಟು ಮಲವನ್ನು ಮೆತ್ತಗಿಡುವುದು. ನೋವಿಲ್ಲವೆಂದು ಮಗುವಿಗೆ ಮನದಟ್ಟಾದ ಮೇಲೆ ನಿಧಾನವಾಗಿ ಇಳಿಸುವುದು. ಲೇನ್ ಕಾಲದ ಎಣ್ಣೆಯೇ, ಆದರೆ ಉದ್ದೇಶ ಬೇರೆ. ಆ ಎಣ್ಣೆಗೂ ತೊಡಕಿತ್ತು. ಕುಡಿಸುವಾಗ ಕೂಸಿನ ಶ್ವಾಸಕೋಶಕ್ಕೆ ಜಾರಿದರೆ ಕೆಟ್ಟ ನ್ಯುಮೋನಿಯಾ ಬರುತ್ತದೆ. ಶಿಶುಗಳಿಗೆ ಅದನ್ನು ಕೊಡಬಾರದೆನ್ನುವುದು ಇದಕ್ಕೇ.

ಮುಂದೆ ಬಂದ ಎರಡು ಮದ್ದುಗಳೂ ಬೇರೇನನ್ನೋ ಹುಡುಕುವಾಗ ಸಿಕ್ಕವು. ಎದೆಹಾಲು ಕುಡಿಯುವ ಶಿಶುವಿನ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯ ಬಾಟಲಿ ಹಾಲಿನ ಶಿಶುವಿನಲ್ಲಿ ಏಕೆ ಬೆಳೆಯದು ಎಂದು ತಲೆಕೆಡಿಸಿಕೊಂಡಿದ್ದ ಆಸ್ಟ್ರಿಯದ ಫ್ರೀಡ್ರಿಶ್ ಪೆಟ್ಯುಯೆಲಿ, ಹಾಲಿನ ಸಕ್ಕರೆಯಿಂದ ಮಾಡುವ ಲ್ಯಾಕ್ಟುಲೋಸ್ ಆ ಕೆಲಸ ಮಾಡುತ್ತದೆಂದು 1957ರಲ್ಲಿ ತೋರಿಸಿದ. ನಮ್ಮ ದೇಹಕ್ಕೆ ಜೀರ್ಣವಾಗದ ಈ ಸಕ್ಕರೆ ಕರುಳಿನ ಕೊನೆಯವರೆಗೆ ಹೋಗಿ ನೀರನ್ನು ಸೆಳೆದಿಡುತ್ತದೆ. ಸಿಹಿಯಾದ ಈ ಪಾಕವನ್ನು ನಮ್ಮ ಮಕ್ಕಳ ವೈದ್ಯರೂ ವರ್ಷಾನುಗಟ್ಟಲೆ ಬರೆದುಕೊಟ್ಟಿದ್ದಾರೆ. ಹೊಟ್ಟೆಯುಬ್ಬರ, ವಾಯು ಇದರ ಕಿರುಕುಳ.

ಇನ್ನೊಂದು ಪಾಲಿಎಥಿಲೀನ್ ಗ್ಲೈಕಾಲ್, ಚಿಕ್ಕದಾಗಿ ಪೆಗ್. ಕರುಳು ಎಷ್ಟು ನೀರು ಹೀರುತ್ತದೆಂದು ಅಳೆಯಲು ಸಂಶೋಧಕರು ಇದನ್ನು ಗುರುತಿನ ವಸ್ತುವಾಗಿ ಬಳಸುತ್ತಿದ್ದರು. ಹಾಕಿದ್ದು ಹಾಕಿದಷ್ಟೇ ಹೊರಗೆ ಬರಬೇಕು, ದೇಹಕ್ಕೆ ಸೇರಬಾರದು. ಅಳತೆಗೆ ಬೇಕಾದ ಈ ಗುಣವೇ ಮದ್ದಿಗೂ ಬೇಕಾದ ಗುಣವಾಯಿತು. ಡಲ್ಲಾಸಿನ ಜಾನ್ ಫೋರ್ಡ್‌ಟ್ರಾನ್ ತಂಡ 1980ರಲ್ಲಿ, ಕರುಳಿನ ಪರೀಕ್ಷೆಗೆ ಮುನ್ನ ಹೊಟ್ಟೆ ತೊಳೆಯುವ ಪೆಗ್ ದ್ರಾವಣವನ್ನು ವಿವರಿಸಿತು. ದಿನನಿತ್ಯ ಕುಡಿಯುವ ಪುಡಿಗೆ ಅಮೆರಿಕದಲ್ಲಿ 1999ರಲ್ಲಿ ಅನುಮತಿ ಸಿಕ್ಕಿತು, ದೊಡ್ಡವರಿಗೆ. ಅಯೋವಾದ ಪಾಶಂಕರ್ ಮತ್ತು ಬಿಷಪ್ ಎಂಬ ವೈದ್ಯರು 2001ರಲ್ಲಿ ಮಕ್ಕಳಿಗೆ ಎಷ್ಟು ಪ್ರಮಾಣ ಸರಿ ಎಂದು ಅಧ್ಯಯನ ಮಾಡಿ ಬರೆದರು. ನೀರಿಗೋ ಹಣ್ಣಿನ ರಸಕ್ಕೋ ಹಾಕಿದರೆ ಕರಗಿಹೋಗುತ್ತದೆ. ಕ್ಯಾಲೊಮೆಲ್‌ನಂತೆ ಇದಕ್ಕೂ ರುಚಿಯಿಲ್ಲ. ಬ್ರಿಟನ್ 2010ರಲ್ಲಿ, ಯುರೋಪ್ ಮತ್ತು ಉತ್ತರ ಅಮೆರಿಕದ ತಜ್ಞರ ಸಂಘಗಳು 2014ರಲ್ಲಿ ಇದನ್ನೇ ಮೊದಲ ಆಯ್ಕೆ ಎಂದವು. ಭಾರತದ ಮಕ್ಕಳ ಕರುಳುತಜ್ಞರ ಸಂಘವೂ 2018ರ ಮಾರ್ಗಸೂಚಿಯಲ್ಲಿ ಇದೇ ಹಾದಿ ಹಿಡಿದಿದೆ.

ಎಲ್ಲ ಹೊಸ ಮದ್ದುಗಳೂ ಹೀಗೆ ದಡ ಸೇರಲಿಲ್ಲ. ಕರುಳಿನ ಚಲನೆ ಹೆಚ್ಚಿಸುವ ಸಿಸಾಪ್ರೈಡ್ ಅನ್ನು 1990ರ ದಶಕದಲ್ಲಿ ಮಕ್ಕಳಿಗೂ ಕೊಟ್ಟು ನೋಡಿದರು. ಹೃದಯದ ಬಡಿತ ಕೆಡಿಸುತ್ತದೆಂದು ಅಮೆರಿಕದ ಪೇಟೆಯಿಂದ ಅದು 2000ದಲ್ಲಿ ಹಿಂದೆ ಸರಿಯಿತು. ಭಾರತ ಅದನ್ನು ನಿಷೇಧಿಸಿದ್ದು 2011ರಲ್ಲಿ.

ಈಗಿನ ತಾಯ್ತಂದೆಯರ ದಿಗಿಲು ಇನ್ನೊಂದು ಬಗೆಯದು. ಮದ್ದು ರೂಢಿಯಾಗಿಬಿಟ್ಟರೆ? ವೈದ್ಯರು ತಿಂಗಳುಗಟ್ಟಲೆ ಕೊಡಿ ಎಂದರೂ, ನಾಲ್ಕು ದಿನ ಸಲೀಸಾಗಿ ಆಯಿತೆಂದರೆ ಡಬ್ಬಿ ಕಪಾಟು ಸೇರುತ್ತದೆ. ಈ ಭಯ ಗಾಳಿಯಿಂದ ಬಂದದ್ದಲ್ಲ. ಲಂಡನ್ನಿನ ಬಾರ್ಬರಾ ಸ್ಮಿತ್ 1968ರಲ್ಲಿ, ಸೆನ್ನಾದಂಥ ಕೆಣಕುವ ಮದ್ದುಗಳನ್ನು ದೀರ್ಘಕಾಲ ತಿಂದವರ ಕರುಳಿನ ನರಗಳು ಹಾಳಾಗಿದ್ದನ್ನು ವರದಿ ಮಾಡಿದ್ದರು. ಅಲ್ಲಿ ಹಾನಿಗೆ ಮದ್ದೇ ಕಾರಣವೇ ಎಂದು ನಂತರದ ತಜ್ಞರು ಪ್ರಶ್ನಿಸಿದ್ದಾರೆ. ನೀರು ಹಿಡಿದಿಡುವುದಷ್ಟೇ ಕೆಲಸವಾದ ಪೆಗ್, ಲ್ಯಾಕ್ಟುಲೋಸ್‌ಗಳಿಗೆ ಕರುಳು ಒಗ್ಗಿಕೊಂಡು ಸೋಮಾರಿಯಾಗುತ್ತದೆ ಎನ್ನಲು ಆಧಾರವಿಲ್ಲ. ಬೇಗ ನಿಲ್ಲಿಸಿದರೆ ಮಾತ್ರ ಮಲ ಮತ್ತೆ ಗಟ್ಟಿಯಾಗಿ ಹಳೆಯ ನೋವು, ಹಳೆಯ ಬಿಗಿತ ಮರಳುತ್ತದೆ. ಅದನ್ನು ನೋಡಿ, 'ಕಂಡಿರಾ, ಮದ್ದಿಲ್ಲದೆ ಆಗುವುದೇ ಇಲ್ಲ' ಎಂದು ಮನೆಯವರು ಇನ್ನಷ್ಟು ಹೆದರುತ್ತಾರೆ. ಕನಿಷ್ಠ ಎರಡು ತಿಂಗಳು ಕೊಡಬೇಕು, ತೊಂದರೆಯೆಲ್ಲ ಹೋಗಿ ಒಂದು ತಿಂಗಳಾದರೂ ಕಳೆದ ಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು ಎಂಬುದು 2014ರ ಮಾರ್ಗಸೂಚಿಯ ಮಾತು. ಸರಿಯಾಗಿ ಚಿಕಿತ್ಸೆ ನಡೆದರೂ ತಜ್ಞರ ಬಳಿಗೆ ಬಂದ ಮಕ್ಕಳಲ್ಲಿ ಆರರಿಂದ ಹನ್ನೆರಡು ತಿಂಗಳೊಳಗೆ ಮದ್ದು ಬಿಟ್ಟು ಗುಣವಾಗಿರುವವರು ಅರ್ಧದಷ್ಟು. ತಡವಾಗಿ ಬಂದವರಿಗೆ ಇನ್ನೂ ಕಷ್ಟ.

ಪೆಗ್ ಬಗ್ಗೆಯೂ ಕಣ್ಣಿಟ್ಟು ನೋಡುವುದು ನಿಂತಿಲ್ಲ. ಅದರಲ್ಲಿ ಬೇರೆ ರಾಸಾಯನಿಕದ ಅಂಶ ಅತ್ಯಲ್ಪ ಪ್ರಮಾಣದಲ್ಲಿ ಉಳಿದಿರಬಹುದೆಂದು ಪೋಷಕರು ದನಿಯೆತ್ತಿದ ಮೇಲೆ ಎಫ್‌ಡಿಎ 2014ರಲ್ಲಿ ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಗೆ ಸಂಶೋಧನೆಗಾಗಿ ಹಣ ನೀಡಿತು. ಅಮೆರಿಕದಲ್ಲಿ ಅಂಗಡಿಯಲ್ಲಿ ಸಿಗುವ ಪೆಗ್ ಡಬ್ಬಿಯ ಮೇಲೆ ಈಗಲೂ 17 ವರ್ಷ ಮೀರಿದವರಿಗೆ ಎಂದೇ ಬರೆದಿರುತ್ತದೆ. ಮಕ್ಕಳಿಗೆ ಅದನ್ನು ಕೊಡುವುದು ವೈದ್ಯರ ಸಲಹೆಯಂತೆ. ಯಾವ ಊನವೂ ಇಲ್ಲದೆ ಬರುವ ಮಲಬದ್ಧತೆಗೆಂದೇ ಮಕ್ಕಳಿಗಾಗಿ ಎಫ್‌ಡಿಎ ಒಪ್ಪಿಗೆ ಪಡೆದ ಮೊದಲ ಚೀಟಿ ಮದ್ದು ಲಿನಾಕ್ಲೋಟೈಡ್. ಆ ಒಪ್ಪಿಗೆ ಬಂದದ್ದು 2023ರ ಜೂನ್‌ನಲ್ಲಿ, ಅದೂ 6ರಿಂದ 17 ವರ್ಷದವರಿಗೆ ಮಾತ್ರ. ಎರಡು ವರ್ಷದೊಳಗಿನ ಕೂಸುಗಳಿಗೆ ಕೊಡಲೇಬಾರದೆಂಬ ಎಚ್ಚರಿಕೆ ಅದರ ಚೀಟಿಯಲ್ಲಿದೆ.